ಹೊಲದ ಕಲ್ಲಿಗೆ ನಾನು ಬಣ್ಣ ಹೊಡೆಸಿದ ವರ್ಷ

ನಿಮಗೂ ಹೀಗೆ ಆಗಿದೆಯಾ, ಹೇಳಿ. ಯಾರಿಗೋ ಒಳ್ಳೆಯದು ಮಾಡಬೇಕೆಂದು ಹೊರಟು, ಅವರು ಬೇಡ ಅಂದರೂ ಕೇಳದೆ ಮಾಡಿ ಮುಗಿಸಿ, ಆಮೇಲೆ ಅವರ ಮುಖ ನೋಡಿದಾಗಲೇ ನೀವು ಮಾಡಿದ್ದೇನು ಅಂತ ಗೊತ್ತಾಗಿದೆಯಾ? ನನಗೆ ಆಗಿದೆ. ಸಣ್ಣಪುಟ್ಟದ್ದಲ್ಲ.

ಮೊನ್ನೆ ಎದುರು ಮನೆಯವರು ಗೇಟಿಗೆ ಬೆಳ್ಳಿ ಬಣ್ಣ ಹೊಡೆಸುತ್ತಿದ್ದರು. ಎಣ್ಣೆ ಬಣ್ಣದ ವಾಸನೆ ಬೆಳಿಗ್ಗೆಯಿಂದ ಮನೆಯೊಳಗೆ ಬಂದು ಕೂತಿತು. ಕಿಟಕಿ ಹಾಕಿದೆ, ಸೆಕೆಯಾಗಿ ತೆಗೆದೆ. ಹಿತ್ತಲಿಗೆ ಹೋದೆ, ಬಂದೆ. ಒಗ್ಗರಣೆಗೆ ಇಟ್ಟ ಎಣ್ಣೆ ಹೊಗೆಯಾಡುವವರೆಗೆ ನಿಂತೇ ಇದ್ದೆ. ನಮ್ಮ ಮನೆಯವರು ಚಹಾ ಕುಡಿಯುತ್ತಿದ್ದವರು ಒಮ್ಮೆ ಮೂಗು ಅರಳಿಸಿದರು, ನನ್ನ ಮುಖ ನೋಡಿದರು. "ಅಂಗಡಿಗೆ ಹೋಗ್ತೇನಿ" ಎಂದು ಅರ್ಧ ಕಪ್ಪು ಅಲ್ಲೇ ಬಿಟ್ಟು ಹೋದರು. ಅವರಿಗೂ ಅದೇ ನೆನಪಾಗಿದೆ. ಇಬ್ಬರೂ ಅದರ ಬಗ್ಗೆ ಮಾತಾಡುವುದಿಲ್ಲ, ಅಷ್ಟೇ. ಇವತ್ತು ಬರೆದೇ ಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮನೆ ಹಾನಗಲ್ಲಿನಲ್ಲಿ, ತಾರಕೇಶ್ವರ ಗುಡಿಯ ಗಂಟೆ ಕೇಳುವಷ್ಟು ಹತ್ತಿರ. ಮನೆಯವರದು ಪಂಪ್‌ಸೆಟ್ ರಿಪೇರಿ ಅಂಗಡಿ. ಮಹಡಿಯಲ್ಲೊಂದು ಕೋಣೆ ಖಾಲಿ ಇತ್ತು. ಅವರ ಪರಿಚಯದ ಒಬ್ಬ ಮೇಷ್ಟ್ರು ಫೋನು ಮಾಡಿ, ಧಾರವಾಡದಲ್ಲಿ ಓದುತ್ತಿರುವ ವಿದೇಶಿ ಹುಡುಗಿಯೊಬ್ಬಳು ಹಳೆಯ ಕಲ್ಲುಬರಹಗಳ ಅಭ್ಯಾಸಕ್ಕಾಗಿ ಒಂದು ವರ್ಷ ಹಾನಗಲ್ಲಿನಲ್ಲಿ ಇರಬೇಕಂತೆ, ಕೋಣೆ ಕೊಡುತ್ತೀರಾ ಎಂದು ಕೇಳಿದರು. ಫಾರಿನ್ ಹುಡುಗಿ ಅಂದರೆ ನಮ್ಮ ಓಣಿಗೆ ಇನ್ನೇನು ಬೇಕು. ನಾನು ಕೋಣೆಗೆ ಹೊಸ ಪರದೆ ಹಾಕಿದೆ. ಎದುರು ಮನೆಯಾಕೆ ತನ್ನ ಮಗನಿಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಉರು ಹೊಡೆಸಿದಳು.

ಜೂನಿನ ಮೊದಲ ಮಳೆಯಲ್ಲಿ ಆ ಹುಡುಗಿ ಬಂದಳು. ಬಸ್‌ಸ್ಟ್ಯಾಂಡಿನಿಂದ ಎರಡು ಬ್ಯಾಗು ಹೊತ್ತು, ಕೊಡೆ ಹಿಡಿದು, ಸೊಂಟದವರೆಗಿನ ಜಡೆ, ನಮ್ಮದೇ ಮೈಬಣ್ಣ. ಶ್ರೀಲಂಕಾದವಳು, ಕ್ಯಾಂಡಿ ಊರಿನ ಹತ್ತಿರದ ಹಳ್ಳಿ. ಓಣಿಯ ಹೆಂಗಸರಿಗೆ ಮೋಸ ಹೋದಂತಾಯಿತು.

"ಇದೇನವ್ವ, ಫಾರಿನ್ ಅಂದಿದ್ದಿ. ನಮ್ಮ ಸವಣೂರು ಹುಡುಗಿ ಇದ್ದಂಗ ಅದಾಳ" ಎಂದಳು ಎದುರು ಮನೆಯಾಕೆ, ಅವಳ ಎದುರಿಗೇ.

ಹುಡುಗಿಗೆ ಕನ್ನಡ ಬರುತ್ತದೆ ಎಂದು ನಮಗೆ ಆಗ ತಿಳಿಯಿತು. "ಸವಣೂರು ಇಲ್ಲಿಂದ ಎಷ್ಟು ದೂರ?" ಎಂದು ಕೇಳಿದಳು, ಪುಸ್ತಕದ ಕನ್ನಡದಲ್ಲಿ, ಒಂದೊಂದೇ ಶಬ್ದ ಆರಿಸಿ.

ಹೆಸರು ದಿಲ್ರುಕ್ಷಿ. ನಮ್ಮ ಅತ್ತೆಯ ಬಾಯಲ್ಲಿ ಅದು ಹೊರಳಲಿಲ್ಲ. ಒಂದು ವಾರದಲ್ಲಿ ರುಕ್ಮಿ ಆಯಿತು, ತಿಂಗಳೊಳಗೆ ರುಕ್ಕವ್ವ. ಅವಳು ನನ್ನನ್ನು ಅಕ್ಕ ಎಂದಳು, ಅತ್ತೆಯನ್ನು ಆಯಿ ಎಂದಳು. ಅವರ ಭಾಷೆಯಲ್ಲಿ 'ಹರಿ' ಅಂದರೆ ಸರಿ ಎಂದಂತೆ. ಏನು ಹೇಳಿದರೂ "ಹರಿ ಹರಿ" ಎನ್ನುತ್ತಿದ್ದಳು. ಅತ್ತೆ ಎರಡು ದಿನ ಸಹಿಸಿ, "ನಮ್ಮ ಮನ್ಯಾಗ ಹರ ಅನ್ನಬೇಕವ್ವ" ಎಂದು ತಿದ್ದಿದರು.

ಸರಳವಾಗಿ ಹೊಂದಿಕೊಂಡಳು ಅಂತ ಬರೆದರೆ ಸುಳ್ಳಾಗುತ್ತದೆ. ಮೊದಲ ಎರಡು ತಿಂಗಳು ಅವಳಿಗೂ ನೆಮ್ಮದಿ ಇರಲಿಲ್ಲ, ಅವಳನ್ನು ನೋಡಿ ನನಗೂ ಇರಲಿಲ್ಲ. ಊಟದ್ದೇ ಒಂದು ಯುದ್ಧ.

"ಬೇಡ ಆಯಿ, ಸಾಕು."

"ಎರಡು ರೊಟ್ಟಿ ಯಾವ ಮೂಲಿಗೆ ಹತ್ತತಾವು? ತಿನ್ನು."

"ನಿಜವಾಗಿ ಬೇಡ."

"ನಾಚಿಕಿ ಮಾಡಬ್ಯಾಡ, ನಿನ್ನ ಮನಿ ಅಂತ ತಿಳಿ." ಎನ್ನುತ್ತಲೇ ಮೂರನೆಯ ರೊಟ್ಟಿ ತಾಟಿಗೆ ಬೀಳುತ್ತಿತ್ತು, ಅದರ ಮೇಲೆ ಬೆಣ್ಣೆ.

ನಮ್ಮ ಕಡೆ ಗೊತ್ತಲ್ಲ. ಬೇಡ ಅನ್ನುವುದು ಉಣ್ಣುವವರ ಮರ್ಯಾದೆ, ಹಾಕುವುದು ನೀಡುವವರ ಮರ್ಯಾದೆ. ಮೂರು ಸಲ ಬೇಡ ಅಂದ ಮೇಲೆ ಯಾರಾದರೂ ಸುಮ್ಮನೆ ಬಿಟ್ಟರೆ, "ಬರೇ ಬಾಯಿಲೆ ಕೇಳಿದ್ರು, ನೀಡಲಿಲ್ಲ" ಎಂದು ಹತ್ತು ಮನೆಯಲ್ಲಿ ಹೇಳಿಕೊಂಡು ಬರುತ್ತೇವೆ. ಬೇಡ ಎಂಬ ಶಬ್ದ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಅವಳು ಬೇಡ ಅಂದರೆ ಬೇಡ ಅಂತಲೇ ಅರ್ಥ ಇರುವ ಮನೆಯಿಂದ ಬಂದವಳು. ಅರ್ಧ ರೊಟ್ಟಿ ಕರವಸ್ತ್ರದಲ್ಲಿ ಸುತ್ತಿ ಮೇಲೆ ಒಯ್ಯುತ್ತಿದ್ದಳು. ಮಹಡಿಯ ಮೇಲೆ ಕಾಗೆಗಳು ಹೆಚ್ಚಾದಾಗ ನನಗೆ ತಿಳಿಯಿತು.

ಒಂದು ಭಾನುವಾರ ಕೋಣೆಯ ಬಾಗಿಲು ಹಾಕಿಕೊಂಡಳು. ನಮ್ಮ ಓಣಿಯಲ್ಲಿ ಹಗಲು ಬಾಗಿಲು ಹಾಕುವುದಿಲ್ಲ. ಹಾಕಿದರೆ ಒಳಗೆ ಜಡ್ಡಾಗಿದೆ, ಇಲ್ಲವೆ ಜಗಳವಾಗಿದೆ. ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ನಾಲ್ಕು ಹೆಂಗಸರು ಸೇರಿದ್ದೆವು. ಒಬ್ಬಳ ಕೈಯಲ್ಲಿ ಶುಂಠಿ ಕಷಾಯ, ಒಬ್ಬಳ ಕೈಯಲ್ಲಿ ದೃಷ್ಟಿ ತೆಗೆಯಲು ಲಿಂಬೆಹಣ್ಣು. ಬಾಗಿಲು ಬಡಿದೆವು. ರುಕ್ಕವ್ವ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ತೆರೆದಳು.

"ಓದುತ್ತಿದ್ದೆ."

"ಓದಾಕ ಬಾಗಲಾ ಯಾಕ ಹಾಕಬೇಕು?" ಎಂದಳು ಎದುರು ಮನೆಯಾಕೆ.

"ಮನಸ್ಸು ಒಂದು ಕಡೆ ಇರಲಿ ಅಂತ."

"ಒಬ್ಬಾಕಿನ ಇದ್ರ ಮನಸ್ಸು ಎಲ್ಲೆಲ್ಲೋ ಹೋಗತೈತಿ. ಕೆಳಗ ಬಾ. ನಾವೆಲ್ಲಾ ಶೇಂಗಾ ಒಡಕೋತ ಕುಂತೇವಿ, ಅಲ್ಲೇ ಓದು."

ಬಂದಳು, ಪಾಪ. ಆ ದಿನ ಅವಳು ಒಂದು ಪುಟವನ್ನೂ ಓದಲಿಲ್ಲ, ಒಂದು ಸೇರು ಶೇಂಗಾ ಒಡೆದಳು. ರಾವಣನ ಅರಮನೆ ಅವಳ ಮನೆಯಿಂದ ಎಷ್ಟು ದೂರ ಅಂತ ಎಲ್ಲರೂ ಕೇಳಿದರು. ಜೂನಿನಲ್ಲಿ ಆ ಪ್ರಶ್ನೆಗೆ ಗಂಭೀರವಾಗಿ ಉತ್ತರ ಕೊಡುತ್ತಿದ್ದಳು. ಜುಲೈ ಹೊತ್ತಿಗೆ "ಎರಡು ಬಸ್ ಬದಲಿ ಮಾಡಬೇಕು" ಎನ್ನತೊಡಗಿದ್ದಳು.

ಸಂಜೆಯಾದರೆ ಮೇಲಿನಿಂದ ನಡೆದಾಡುವ ಸಪ್ಪಳ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಕೆಲವು ಸಲ ಮಳೆಯಲ್ಲೇ ಹೊರಬಿದ್ದು ಒಂದು ಗಂಟೆಗೆ ಒದ್ದೆಯಾಗಿ ಬರುತ್ತಿದ್ದಳು.

"ಎಲ್ಲಿ ಹೋಗಿದ್ದಿ?"

"ಎಲ್ಲೂ ಇಲ್ಲ ಅಕ್ಕ. ಬಸ್‌ಸ್ಟ್ಯಾಂಡಿಗೆ. ಬಸ್ ನೋಡಿ ಬಂದೆ."

ಒಂದು ದಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ಕೇಳಿಯೇಬಿಟ್ಟೆ. ಆಗ ಹೇಳಿದಳು. ಅವಳ ಗೈಡ್ ಒಂದು ಷರತ್ತು ಹಾಕಿದ್ದರು. ಡಿಸೆಂಬರ್ ಮುಗಿಯುವುದರೊಳಗೆ, ಈವರೆಗೆ ಯಾರೂ ಓದಿರದ ಒಂದು ಶಾಸನವನ್ನು ತಾನೇ ಹುಡುಕಿ, ಓದಿ, ಬರೆದು ಒಪ್ಪಿಸಬೇಕು. ಒಪ್ಪಿಸಿದರೆ ವಿದ್ಯಾರ್ಥಿವೇತನ ಮುಂದುವರಿಯುತ್ತದೆ. ಇಲ್ಲವಾದರೆ ಓದು ಅರ್ಧಕ್ಕೆ ಬಿಟ್ಟು ಊರಿಗೆ. ಆಡೂರಿಗೆ ಹೋಗಿ ಬಂದಿದ್ದಳು. ಹಿರೇಕೆರೂರಿನ ಬಸ್ಸು ಹತ್ತಿ ಅಬಲೂರಿಗೆ ಹೋಗಿ ಬಂದಿದ್ದಳು. ಎಲ್ಲ ಕಲ್ಲುಗಳನ್ನೂ ಯಾರೋ ಯಾವಾಗಲೋ ಓದಿ ಪುಸ್ತಕ ಮಾಡಿಬಿಟ್ಟಿದ್ದಾರೆ.

"ನನ್ನ ಅಣ್ಣ ಹೇಳಿದ್ದ, ನೀನು ವರ್ಷದೊಳಗೆ ವಾಪಸ್ ಬರುತ್ತೀ ಅಂತ" ಎಂದಳು. "ಅವನಿಗೆ ಫೋನು ಮಾಡುವುದನ್ನೇ ಬಿಟ್ಟಿದ್ದೇನೆ ಅಕ್ಕ."

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಅತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು. ರುಕ್ಕವ್ವ ಬರಿಗೈಯಲ್ಲಿ ಇನ್ನೊಂದು ಹಳ್ಳಿಯಿಂದ ಬಂದು ಚಪ್ಪಲಿ ತೊಳೆಯುತ್ತಿದ್ದಳು. ಅತ್ತೆ ಸಹಜವಾಗಿ ಅಂದರು. "ಬರದ ಕಲ್ಲು ಬರದ ಕಲ್ಲು ಅಂತ ಊರೂರು ತಿರಗತೀಯಲ್ಲವ್ವ, ನಮ್ಮ ಹೊಲದಾಗೂ ಒಂದೈತಿ."

ರುಕ್ಕವ್ವನ ಕೈಯಿಂದ ಚಪ್ಪಲಿ ಜಾರಿತು. ನನ್ನ ಕಡೆ ನೋಡಿದಳು. ಇಪ್ಪತ್ತು ವರ್ಷದಿಂದ ಆ ಕಲ್ಲಿನ ಮುಂದೆ ಉಂಡವಳು ನಾನು. ಹೇಳಬೇಕು ಅಂತ ಹೊಳೆದೇ ಇರಲಿಲ್ಲ. ಅವಳು ಕೇಳುತ್ತಿದ್ದದ್ದು ಶಾಸನ, ನಮ್ಮದು ದೇವರು.

ಹೊಲ ಆಡೂರಿನ ದಾರಿಯಲ್ಲಿದೆ. ಮನೆಯವರ ಬೈಕಿನಲ್ಲಿ ಮೂವರೂ ಮಳೆಯಲ್ಲೇ ಹೋದೆವು. ಗೋವಿನಜೋಳ ಎದೆಮಟ್ಟ ಬೆಳೆದಿತ್ತು. ಬದುವಿನ ಬೇವಿನಮರದ ಕೆಳಗೆ ಕಲ್ಲು, ಸೊಂಟದೆತ್ತರ, ಮೇಲೆ ಸೂರ್ಯ ಚಂದ್ರ, ಕೆಳಗೆ ಹತ್ತು ಸಾಲು. ರುಕ್ಕವ್ವ ಕೆಸರಿನಲ್ಲಿ ಮೊಣಕಾಲೂರಿ ಬೆರಳಿನಿಂದ ಅಕ್ಷರ ಸವರಿದಳು. ಮೇಲಿನ ಎರಡು ಸಾಲು, ಕೆಳಗಿನ ನಾಲ್ಕು ಸಾಲು ಕಾಣುತ್ತಿದ್ದವು. ನಡುವಿನ ನಾಲ್ಕರ ಮೇಲೆ ದಪ್ಪ ಪಾಚಿ. ಮೊಬೈಲಿನಲ್ಲಿ ಫೋಟೊ ತೆಗೆದಳು, ಪಾಚಿಯ ಕೆಳಗಿನದು ಬರಲಿಲ್ಲ. ಆದರೂ ಅವಳು ನಗುತ್ತಿದ್ದಳು. ಅವಳಿಗೆ ಹಲ್ಲು ಕಾಣುವ ನಗು ಇದೆ ಅಂತ ನನಗೆ ಅಂದೇ ಗೊತ್ತಾದದ್ದು.

ಅಂಥ ಕಲ್ಲಿನ ಅಚ್ಚು ತೆಗೆಯುತ್ತಾರಂತೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಶ್ಶಿನಿಂದ ಬಡಿದು ಅಕ್ಷರದ ಕುಳಿಯೊಳಗೆ ಕೂರಿಸಿ, ಮೇಲೆ ಮಸಿ ಒತ್ತುವುದು. ಕಾಗದ ಕಲ್ಲಿನ ಮೇಲೇ ಒಣಗಬೇಕು. ಮಳೆಯಲ್ಲಿ ಆಗದು. ಪಾಚಿಯೂ ತಾನಾಗಿ ಒಣಗಿದರೆ ಮೆತ್ತಗೆ ಬಿಡಿಸಬಹುದು.

"ಅಷ್ಟೇನು? ನಾವ ಸ್ವಚ್ಛ ಮಾಡಿಸಿ ಇಡ್ತೇವಿ" ಎಂದೆ ನಾನು.

"ಬ್ಯಾಡ ಅಕ್ಕ." ಅಷ್ಟರಲ್ಲಿ ಅವಳ ಬೇಡ ಬ್ಯಾಡ ಆಗಿತ್ತು.

"ಎಷ್ಟ್ ಹೊತ್ತಿನ ಕೆಲಸ ಅದು?"

"ಬ್ಯಾಡ. ನಾನ ಮಾಡ್ತೇನಿ."

"ಒಬ್ಬಾಕಿ ಎಷ್ಟಂತ ಮಾಡ್ತಿ?"

"ಬ್ಯಾಡ ಅಕ್ಕ."

ಮೂರು ಸಲ ಅಂದಳು. ನಾನು ಎಣಿಸಿದೆ.

ಅಲ್ಲಿಂದ ಅವಳು ನಮ್ಮೂರಿನವಳಾದಳು ಅನ್ನಬೇಕು. ಕಲ್ಲು ಸಿಕ್ಕ ಮೇಲೆ ಬಸ್ ನೋಡಲು ಹೋಗುವುದು ನಿಂತಿತು. ಬೆಳಿಗ್ಗೆ ನನ್ನ ಪಕ್ಕ ಕೂತು ರೊಟ್ಟಿ ಬಡಿಯಲು ಕಲಿತಳು. ಮೊದಮೊದಲು ಅವು ನಕಾಶೆ ಇದ್ದಂತೆ ಆಗುತ್ತಿದ್ದವು. "ಇದು ನಿಮ್ಮ ಲಂಕಾ, ಇದು ನಮ್ಮ ಹಾನಗಲ್ಲ" ಎಂದು ಅತ್ತೆ ಆರಿಸಿ ತಿನ್ನುತ್ತಿದ್ದರು. ಶುಕ್ರವಾರದ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿದಳು. ಹೆಂಗಸರ ನಡುವೆ ಕೂತು, ಗದ್ದಲದಲ್ಲೇ, ಪುಸ್ತಕವನ್ನು ತೊಡೆಯ ಮೇಲಿಟ್ಟು ಓದುವುದನ್ನೂ ಕಲಿತಳು. ಒಂದು ಸಂಜೆ ಅಣ್ಣನಿಗೆ ಫೋನು ಮಾಡಿದಳು. ಅವರ ಭಾಷೆ ನನಗೆ ಬಾರದು, ಆದರೆ ಹೆಮ್ಮೆಯ ದನಿ ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತದೆ.

ಮಳೆ ಮಾತ್ರ ನಿಲ್ಲಲಿಲ್ಲ. ಸೆಪ್ಟೆಂಬರ್ ಪೂರ್ತಿ ಸುರಿಯಿತು. ಎದ್ದ ತಕ್ಷಣ ಅವಳು ಮೇಲಿನಿಂದ, ನಾನು ಹಿತ್ತಲಿನಿಂದ ಆಕಾಶ ನೋಡುವುದು. ಅವಳ ಡಿಸೆಂಬರ್ ನನ್ನ ಡಿಸೆಂಬರ್ ಆಗಿಬಿಟ್ಟಿತ್ತು. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು.

ಶೀಗಿ ಹುಣ್ಣಿಮೆಗೆ ಐದು ದಿನ ಇರುವಾಗ ಬಿಸಿಲು ಬಿತ್ತು. ಹೊರಗಿನ ಓದುಗರಿಗೆ ಹೇಳಬೇಕು. ಶೀಗಿ ಹುಣ್ಣಿಮೆ ನಮ್ಮಲ್ಲಿ ಹೊಲದ ಹಬ್ಬ. ತೆನೆ ಕಟ್ಟುವ ಪೈರು ಬಸುರಿ ಇದ್ದಂತೆ, ಅದಕ್ಕೆ ಬಯಕೆಯ ಅಡುಗೆ ಒಯ್ದು, ಚರಗ ಅಂತ ಹೊಲದ ತುಂಬ ಚೆಲ್ಲಿ, ಬಂಧುಗಳೆಲ್ಲ ಅಲ್ಲೇ ಕೂತು ಉಣ್ಣುತ್ತೇವೆ. ರುಕ್ಕವ್ವನಿಗೂ ಹುಣ್ಣಿಮೆ ಪವಿತ್ರ ದಿನ. ಅವರು ಬೌದ್ಧರು, ಪ್ರತಿ ಹುಣ್ಣಿಮೆಗೆ ಬಿಳಿ ಉಡುತ್ತಾರೆ. "ಹುಣ್ಣಿಮಿ ದಿನಾನ ಅಚ್ಚು ತೆಗೀತೇನಿ ಅಕ್ಕ, ಚೊಲೊ ದಿನ" ಎಂದಳು. ಹಿಂದಿನ ದಿನ ಮುಂಡಗೋಡದ ಕಡೆಯ ಟಿಬೆಟಿನವರ ಗುಡಿಗೆ ಹೋದಳು, ಬೆಳಿಗ್ಗೆ ಮೊದಲ ಬಸ್ಸಿಗೆ ಬರುವೆನೆಂದು.

ಪ್ರತಿವರ್ಷ ಹಬ್ಬದ ಹಿಂದಿನ ದಿನ ಆ ಕಲ್ಲು ತೊಳೆಯುತ್ತಿದ್ದವರು ಅತ್ತೆ. ಒಂದು ಕೊಡ ನೀರು, ತೆಂಗಿನ ನಾರು, ಅಷ್ಟೇ. ಹಬ್ಬದ ದಿನ ಮತ್ತೆ ನೀರು ಚಿಮುಕಿಸಿ, ಒದ್ದೆ ಕಲ್ಲಿಗೆ ವಿಭೂತಿ ಬಳಿಯುವುದು. ಆ ವರ್ಷ ಮೊಣಕಾಲು ಮಡಚಲು ಬರುತ್ತಿರಲಿಲ್ಲ. "ಈ ಸಲ ನೀ ನೋಡ್ಕೋವ್ವ" ಎಂದು ನನಗೆ ಹೇಳಿದರು.

ನಾನು ನೋಡಿಕೊಂಡೆ. ಮನೆಯವರಿಗೆ ಹೇಳಿ ಅಂಗಡಿಯ ಗ್ರೈಂಡರ್ ತರಿಸಿದೆ. ಪಂಪಿನ ತುಕ್ಕು ತೆಗೆಯಲು ತಂತಿಯ ಚಕ್ರ ಹಾಕಿ ತಿರುಗಿಸುತ್ತಾರಲ್ಲ, ಅದು. ಜನರೇಟರ್ ಹೇರಿಕೊಂಡು ಹೋದೆವು. ಹತ್ತು ನಿಮಿಷದಲ್ಲಿ ಪಾಚಿಯ ಹೆಸರಿಲ್ಲ. ಹಸಿರು ಪುಡಿ ಹಾರಿತು, ಆಮೇಲೆ ಬೂದು ಪುಡಿ ಹಾರಿತು. ಅದು ಬಳಪದ ಕಲ್ಲು, ಉಗುರಿಗೂ ಗೆರೆ ಬೀಳುವಷ್ಟು ಮೆತ್ತಗೆ. ಬೂದು ಪುಡಿ ಏನು ಅಂತ ಆಗ ಯೋಚಿಸಲಿಲ್ಲ. ಹೇಗೂ ಬಂದಿದ್ದೇವೆ ಅಂತ ಪಂಪಿಗೆ ಹೊಡೆಯುವ ಬೆಳ್ಳಿ ಬಣ್ಣವನ್ನು ಎರಡು ಕೈ ಹೊಡೆಸಿದೆ. ಸುತ್ತ ಹಳದಿ ಅಂಚು.

"ಹೆಂಗೈತಿ?" ಎಂದರು ಮನೆಯವರು.

"ಇವತ್ತ ಅಂಗಡಿಯಿಂದ ತಂದಂಗೈತಿ" ಎಂದೆ. ಆ ಸಂಜೆ ಎಷ್ಟು ಸಂತೋಷವಾಗಿದ್ದೆ ಅಂದರೆ ಎಳ್ಳು ಹೋಳಿಗೆಗೆ ಇಟ್ಟ ಎಳ್ಳನ್ನು ಹಾಡಿಕೊಂಡು ಹುರಿದೆ.

ಬೆಳಿಗ್ಗೆ ರುಕ್ಕವ್ವ ಬಿಳಿ ಸೀರೆಯಲ್ಲಿ ಬಂದಿಳಿದಳು. "ಹಬ್ಬದ ದಿನ ಬಿಳಿ ಉಟ್ಟೀಯಲ್ಲವ್ವ, ಕುಬಸಾನರ ಕೆಂಪಂದು ತೊಡು" ಎಂದು ಅತ್ತೆ ಗೊಣಗಿದರು. ಅವಳ ಕಂಕುಳಲ್ಲಿ ಕಾಗದದ ಸುರುಳಿ, ಚೀಲದಲ್ಲಿ ಬ್ರಶ್ಶು, ಡಬ್ಬಿಯಲ್ಲಿ ಮಸಿ. ಬದುವಿನ ಮೇಲೆ ನಾನು ಮುಂದೆ ನಡೆದೆ, ಅವಳ ಮುಖ ನೋಡಬೇಕು ಅಂತ ತಿರುಗಿ ನಿಂತೆ.

ನೋಡಿದೆ.

ಅವಳು ಸುರುಳಿಯನ್ನು ಮೆಲ್ಲಗೆ ಕೆಳಗಿಟ್ಟಳು. ಕಲ್ಲಿನ ಸುತ್ತ ಒಂದು ಸುತ್ತು ಬಂದಳು. ನಡುವಿನ ಸಾಲುಗಳಿದ್ದ ಕಡೆ ಅಂಗೈ ಇಟ್ಟು ಮೇಲೆ ಕೆಳಗೆ ಆಡಿಸಿದಳು.

"ಬಣ್ಣದ ಮೊದಲ ಏನ್ ಮಾಡಿದ್ರಿ?"

"ಮಶೀನ್ ಹಚ್ಚಿದ್ವಿ. ಪಾಚಿ ಎಲ್ಲಾ ಕಿತ್ತು ಬಂತು ನೋಡು" ಎಂದರು ಮನೆಯವರು. ಅವರಿಗೆ ಇನ್ನೂ ತಿಳಿದಿರಲಿಲ್ಲ.

ಅವಳು ಕೂಗಲಿಲ್ಲ, ಅಳಲಿಲ್ಲ. ಪೂಜೆ ಆಯಿತು, ಚರಗ ಚೆಲ್ಲಿದರು, ಎಲ್ಲರ ಜೊತೆ ಕೂತಳು. ಅತ್ತೆ ರೊಟ್ಟಿ ನೀಡಿದರು, ತಿಂದಳು. ಇನ್ನೊಂದು ನೀಡಿದರು, ತಿಂದಳು. ಹೋಳಿಗೆ, ಪುಂಡಿಪಲ್ಯ, ಕಡುಬು, ಯಾರು ಏನು ಹಾಕಿದರೂ ತಿಂದಳು. ಒಂದು ಸಲವೂ ಬ್ಯಾಡ ಅನ್ನಲಿಲ್ಲ. ಮೂರನೆಯ ರೊಟ್ಟಿ ಬಿದ್ದಾಗ ನನಗೆ ತಿಳಿಯಿತು. ಹೇಳಿ ಉಪಯೋಗವಿಲ್ಲ ಅಂತ ಅವಳು ತೀರ್ಮಾನಿಸಿಬಿಟ್ಟಿದ್ದಳು.

ಮನೆಗೆ ಬಂದವಳೇ ಬಾಗಿಲು ಹಾಕಿಕೊಂಡಳು. ಓಣಿಯವರು ಕಷಾಯ ಹಿಡಿದು ಬಂದರು. ನಾನು ಮೆಟ್ಟಿಲಿಗೆ ಅಡ್ಡ ಕೂತು, "ಯಾರೂ ಹೋಗಬ್ಯಾಡ್ರಿ" ಎಂದೆ. ಎರಡು ದಿನ ತಲೆಯ ಮೇಲೆ ಅದೇ ನಡಿಗೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ನಾನು ಕೆಳಗೆ ಅದೇ ಲೆಕ್ಕದಲ್ಲಿ ನಡೆಯುತ್ತಿದ್ದೆ.

ಮೂರನೆಯ ದಿನ ತಾನೇ ಇಳಿದು ಬಂದು, ಥಿನ್ನರ್ ಮತ್ತು ಹತ್ತಿಬಟ್ಟೆ ಕೇಳಿದಳು. ಮನೆಯವರು, ನಾನು, ಅವಳು ಇಡೀ ದಿನ ಕೂತು ಬಣ್ಣ ಒರೆಸಿದೆವು. ಮೇಲಿನ ಎರಡು ಸಾಲು ಇದ್ದವು. ಕೆಳಗಿನ ನಾಲ್ಕು ಇದ್ದವು. ಮೂರರಿಂದ ಆರರವರೆಗೆ ಕಲ್ಲು ಸವೆದ ಸಾಬೂನಿನ ಹಾಗಿತ್ತು.

"ಬ್ಯಾಡ ಅಂದಿದ್ದೆ ಅಕ್ಕ" ಎಂದಳು, ಬಟ್ಟೆ ಹಿಂಡುತ್ತ.

"ಅಂದಿದ್ದಿ."

"ಮೂರು ಸಲ ಅಂದಿದ್ದೆ."

"ಅದಕ್ಕ ಮಾಡಿಸಿದೆ" ಎಂದೆ. ಆಮೇಲೆ ನಾನು ಅತ್ತುಬಿಟ್ಟೆ. ಅದರಿಂದ ಅವಳಿಗೇನೂ ಉಪಯೋಗವಾಗಲಿಲ್ಲ. ನನ್ನನ್ನು ಸಮಾಧಾನ ಮಾಡುವ ಕೆಲಸವೂ ಅವಳ ಮೇಲೇ ಬಿತ್ತು.

ಎಲ್ಲ ಕೇಳಿದ ಅತ್ತೆ ತಮ್ಮ ಟ್ರಂಕಿನಿಂದ ಒಂದು ಹಳೆಯ ಫೋಟೊ ತೆಗೆದು ತಂದರು. ಸಂಕಟಕ್ಕೆ, ಬೇರೇನಕ್ಕೂ ಅಲ್ಲ. "ನೋಡು, ಹೆಂಗಿದ್ದ ದೇವರನ್ನ ಹೆಂಗ ಮಾಡಿ ಇಟ್ಟಿ. ನಮ್ಮ ಕಮಲಿ ಬಸುರಿದ್ದ ವರ್ಷದ್ದಿದು." ಕಮಲಾ ನನ್ನ ನಾದಿನಿ, ಸವಣೂರಿಗೆ ಕೊಟ್ಟಿದೆ. ಫೋಟೊದಲ್ಲಿ ಎಲ್ಲರೂ ಕಲ್ಲಿನ ಮುಂದೆ ಸಾಲಾಗಿ ಉಣ್ಣುತ್ತಿದ್ದೇವೆ.

ರುಕ್ಕವ್ವ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದಳು. ಆಮೇಲೆ ಓಡಿಹೋಗಿ ಭೂತಗನ್ನಡಿ ತಂದಳು. ಒದ್ದೆ ಕಲ್ಲಿಗೆ ಅತ್ತೆ ಬಳಿದ ವಿಭೂತಿ ಅಕ್ಷರದ ಕುಳಿಗಳಲ್ಲಿ ಕೂತು, ಕಮಲಾಳ ಭುಜದ ಮೇಲೆ ಮೂರನೆಯ ಸಾಲಿನ ಅರ್ಧ, ಬೆಳ್ಳಗೆ, ಒಂದೊಂದೇ ಅಕ್ಷರ ಎದ್ದು ಕಾಣುತ್ತಿತ್ತು.

"ಆಯಿ, ಇಂಥವು ಇನ್ನ ಅದಾವೇನು?"

ಪ್ರತಿವರ್ಷ ಬರುವ ಬಂಧುಗಳು ಪ್ರತಿವರ್ಷ ಅದೇ ಜಾಗದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಯಾರ ಮನೆಯಲ್ಲಿ ಯಾವುದಿದೆಯೋ. ಮರುದಿನವೇ ನಾವಿಬ್ಬರೂ ಹೊರಟೆವು. ನವೆಂಬರ್ ತಿಂಗಳೆಲ್ಲ ಸರಕಾರಿ ಬಸ್ಸಿನಲ್ಲೇ ಕಳೆಯಿತು.

ಸವಣೂರಿನಲ್ಲಿ ಕಮಲಾ ಆಲ್ಬಮ್ಮುಗಳನ್ನು ಹರಡಿ ಖುಷಿಯಿಂದ ಒಬ್ಬೊಬ್ಬರನ್ನೇ ತೋರಿಸತೊಡಗಿದಳು. ಸ್ವಲ್ಪ ಹೊತ್ತಿಗೆ ನನ್ನನ್ನು ಒಳಗೆ ಕರೆದು, "ವೈನಿ, ಇದೇನಿದು, ಈಕಿ ಒಬ್ಬರ ಮುಖಾನೂ ನೋಡವಲ್ಲಳು, ಬರೇ ಹಿಂದಿನ ಕಲ್ಲ ನೋಡಾಕತ್ತಾಳ" ಎಂದಳು. ಊಟಕ್ಕೆ ಕೂತಾಗ ರುಕ್ಕವ್ವ ಬ್ಯಾಡ ಅಂದಳು. ಕಮಲಾ ರೊಟ್ಟಿ ಎತ್ತಿದಳು. ನಾನು ಅವಳ ಕೈ ಹಿಡಿದೆ.

"ಬ್ಯಾಡ ಅಂದಾಳಲ್ಲ, ಬಿಡು."

"ಯಾವಾಗಿಂದ ಹಿಂಗಾದಿ ವೈನಿ?" ಎಂದು ಕಮಲಾ ಮುಖ ದಪ್ಪ ಮಾಡಿಕೊಂಡಳು. ಬರುವಾಗ ಸಿಟ್ಟಿನಲ್ಲೇ ಸವಣೂರಿನ ಕುರುಕಲು ಖಾರದ ಎರಡು ಪೊಟ್ಟಣ, ಆರು ಫೋಟೊ ಕೊಟ್ಟಳು. ಮೂರನೆಯ ಸಾಲಿನ ಉಳಿದರ್ಧ ಅವುಗಳಲ್ಲಿತ್ತು.

ಹಿರೇಕೆರೂರಿನಲ್ಲಿ ಅತ್ತೆಯ ತಂಗಿಯ ಮಗ ಗೋವಿನಜೋಳದ ವ್ಯಾಪಾರ ಮಾಡುತ್ತಾನೆ. ಸಂತೆಯ ದಿನ, ಅವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಚೀಲಗಳ ರಾಶಿಯ ಮೇಲೆ ನಮ್ಮನ್ನು ಕೂರಿಸಿ, ಮೊಬೈಲು ಕೈಗೆ ಕೊಟ್ಟು, "ನೀವ ಹುಡುಕ್ಕೋರಿ, ಬ್ಯಾರೇದು ಏನೂ ನೋಡಬ್ಯಾಡ್ರಿ ಮತ್ತ" ಎಂದು ತೂಕದ ಕಡೆ ಓಡಿದ. ಅವನ ಮಗಳು ಕಲ್ಲನ್ನು ತಬ್ಬಿಕೊಂಡ ಒಂದು ಚಿತ್ರದಲ್ಲಿ ನಾಲ್ಕನೆಯ ಸಾಲು ಸಿಕ್ಕಿತು, ಅವಳ ಮೊಣಕೈ ಇದ್ದಷ್ಟು ಬಿಟ್ಟು. ಶಿಗ್ಗಾವಿಯಲ್ಲಿ ಮನೆಯವರ ದೊಡ್ಡಪ್ಪನ ಮಗ ಹಿಂದೆ ಸ್ಟುಡಿಯೊ ಇಟ್ಟಿದ್ದ. ನೆಗೆಟಿವ್ ಡಬ್ಬಿಗೆ ಗೆದ್ದಲು ಹಿಡಿದಿತ್ತು. ಉಳಿದ ಹನ್ನೊಂದರಲ್ಲಿ ಐದನೆಯ ಸಾಲು ಇತ್ತು. ರುಕ್ಕವ್ವ ಅದನ್ನು ಬೆಳಕಿಗೆ ಹಿಡಿದು ಓದಿದಳು.

ಆರನೆಯ ಸಾಲು ಸಿಗಲಿಲ್ಲ.

ಡಿಸೆಂಬರಿನಲ್ಲಿ ನಮ್ಮ ಪಡಸಾಲೆಯ ತುಂಬ ಫೋಟೊ ಹರಡಿದ್ದಳು, ಕಾಲಿಡಲು ಜಾಗವಿರಲಿಲ್ಲ. ನಲವತ್ತಕ್ಕೂ ಹೆಚ್ಚು. ಜನ ಬದಲಾಗಿದ್ದರು, ಮಕ್ಕಳು ಬೆಳೆದಿದ್ದರು, ಆದರೆ ಎಲ್ಲದರಲ್ಲೂ ಆರನೆಯ ಸಾಲಿನ ಮುಂದೆ ಅತ್ತೆಯ ತಲೆ. ನೀಡುವವರು ಅವರು, ರೊಟ್ಟಿ ಬುಟ್ಟಿ ಇಟ್ಟುಕೊಂಡು ಕಲ್ಲಿಗೆ ಒರಗಿ ಕೂರುವುದು ಅವರ ಜಾಗ. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು.

"ಇಷ್ಟ್ ವರ್ಷದಾಗ ಒಂದ್ ಸಲಾನೂ ಅತ್ತಾಗ ಸರದು ಕುಂದರಲಿಲ್ಲಲ್ಲ ನಾನು" ಎಂದರು, ಯಾರೋ ಬೇರೆಯವರ ತಪ್ಪು ಹೇಳುವಂತೆ. ರುಕ್ಕವ್ವ ನಕ್ಕುಬಿಟ್ಟಳು. ಹುಣ್ಣಿಮೆಯ ನಂತರ ಅವಳು ನಕ್ಕದ್ದು ಅದೇ ಮೊದಲು.

ಕಲ್ಲಿನಲ್ಲಿ ಇರುವುದು ಇಷ್ಟು. ಒಡೆದುಹೋದ ಕೆರೆಯನ್ನು ಯಾರೋ ಕಟ್ಟಿಸಿ, ಅದರ ಹೂಳು ತೆಗೆಯುವ ಖರ್ಚಿಗೆ ಗದ್ದೆ ಬಿಟ್ಟಿದ್ದಾರೆ. ಬಿಟ್ಟವರ ಹೆಸರು ಆರನೆಯ ಸಾಲಿನಲ್ಲಿತ್ತು. ಏಳನೆಯ ಸಾಲು ಶುರುವಾಗುವುದು ಆ ಹೆಸರಿನ ಕೊನೆಯ ಅಕ್ಷರದಿಂದ, 'ಬ್ಬೆ' ಅಂತ. ಹಳೆಯ ಕಾಲದಲ್ಲಿ ಹೆಂಗಸರ ಹೆಸರು ಹಾಗೆ ಮುಗಿಯುತ್ತಿತ್ತಂತೆ, ಅಂದರೆ ಬಿಟ್ಟವಳು ಹೆಂಗಸು. ಅವಳ ಹೆಸರಿನ ತುದಿ ಉಳಿದಿದೆ, ಉಳಿದದ್ದು ನನ್ನ ಗ್ರೈಂಡರಿನ ಬೂದು ಪುಡಿಯಲ್ಲಿ ಹಾರಿಹೋಯಿತು.

"ಕೊನೀ ಸಾಲಿನಾಗ ಏನೈತಿ?" ಎಂದು ಕೇಳಿದೆ. ಹೇಳಲು ಅವಳಿಗೆ ಮನಸ್ಸಿರಲಿಲ್ಲ. ಒತ್ತಾಯ ಮಾಡಿದೆ. ಈ ಧರ್ಮವನ್ನು ಕೆಡಿಸಿದವರಿಗೆ ಕಾಶಿಯಲ್ಲಿ ಗೋವುಗಳನ್ನು ಕೊಂದ ಪಾಪ ಬರುತ್ತದಂತೆ.

"ಎಲ್ಲಾ ಕಲ್ಲಿನಾಗೂ ಹಿಂಗ ಬರದಿರತಾರ ಅಕ್ಕ, ನಿಮಗಷ್ಟ ಅಲ್ಲ" ಎಂದಳು. ಆಮೇಲೆ ಪೆನ್ನು ಎತ್ತಿಕೊಂಡಳು. "ಸಾಲು ಯಾಕ ಅಳಿಸಿ ಹೋದವು ಅಂತ ಕೆಳಗ ಬರೀಬೇಕು. ಮಳಿ ಗಾಳಿಯಿಂದ ಅಂತ ಬರೀಲೇನು?"

"ಮಳಿ ಮ್ಯಾಲ ಯಾಕ ಹಾಕ್ತಿ? ಅದು ಇಷ್ಟ್ ವರ್ಷ ಏನೂ ಮಾಡಿದ್ದಿಲ್ಲ. ನನ್ನ ಹೆಸರು ಬರಿ."

ಒಳಗಿನಿಂದ ಮನೆಯವರು ಕೂಗಿದರು. "ಮಶೀನ್ ನಂದು. ನಂದೂ ಬರಿ."

ಬರೆದಳು. ಗಂಡ ಹೆಂಡತಿಯ ಹೆಸರು ಒಂದು ಪ್ರಬಂಧದಲ್ಲಿ ಅಚ್ಚಾಗಿದೆ, ಇಂಥ ಕಾರಣಕ್ಕೆ. ಗೈಡ್ ಓದಿ, ಒಂದು ಸಾಲು ಇಲ್ಲದಿದ್ದರೂ ಇದು ನಿನ್ನದೇ ಕೆಲಸ ಅಂದರಂತೆ. ವಿದ್ಯಾರ್ಥಿವೇತನ ಮುಂದುವರಿಯಿತು. ಜೂನಿನಲ್ಲಿ ಅವಳು ಧಾರವಾಡಕ್ಕೆ ಹೋದಳು, ಓದು ಮುಗಿಸಿ ಊರಿಗೆ ಹೋದಳು. ಈಗ ಅಲ್ಲೇ ಪಾಠ ಹೇಳುತ್ತಾಳೆ. ಪ್ರತಿ ಹುಣ್ಣಿಮೆಗೆ ನನಗೊಂದು ಮೆಸೇಜು ಬರುತ್ತದೆ. 'ಆಯಿ ಆರಾಮ ಅದಾರೇನು? ಆರನೇ ಸಾಲು ಸಿಕ್ತೇನು?' ಆಯಿ ಆರಾಮ ಇದ್ದಾರೆ. ಈಗ ಶೀಗಿ ಹುಣ್ಣಿಮೆಗೆ ಕಲ್ಲಿನಿಂದ ನಾಲ್ಕು ಮಾರು ದೂರ ಕೂರುತ್ತಾರೆ.

ಆದ್ದರಿಂದ ಇಷ್ಟುದ್ದ ಬರೆದೆ. ನೀವೂ ಹೀಗೆ ಒಳ್ಳೆಯದು ಮಾಡಲು ಹೋಗಿ ಕೆಡಿಸಿದ್ದು ಇದ್ದರೆ ಕೆಳಗೆ ಬರೆಯಿರಿ, ಮುಚ್ಚಿಡಬೇಡಿ, ನಾನು ಹೆಸರು ಹಾಕಿಯೇ ಬರೆಸಿಕೊಂಡಿದ್ದೇನೆ. ಇನ್ನೊಂದು ಕೆಲಸ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯವರು ನಮ್ಮ ಹೊಲಕ್ಕೆ ಬಂದು ಉಂಡು ಹೋದವರು ಬಹಳ ಜನ ಇದ್ದೀರಿ. ಆಡೂರಿನ ದಾರಿ, ಬೇವಿನಮರ, ಸೊಂಟದೆತ್ತರದ ಕಲ್ಲು. ನಿಮ್ಮ ಆಲ್ಬಮ್ಮು ತೆಗೆಯಿರಿ, ಮುಖಗಳನ್ನು ಬಿಡಿ, ಹಿಂದೆ ನೋಡಿ. ನಮ್ಮ ಅತ್ತೆ ಯಾವುದಾದರೂ ವರ್ಷ ನೀರು ಕುಡಿಯಲೋ ಮಗುವನ್ನು ಎತ್ತಿಕೊಳ್ಳಲೋ ಒಂದು ಗೇಣು ಪಕ್ಕಕ್ಕೆ ಬಾಗಿದ್ದಾರಾ ನೋಡಿ. ಒಂದು ಗೇಣು ಸಾಕು.